ಸ್ಟೆಂಟ್ ಹಾಕಿದ ಮೇಲೆ ಅಪ್ಪ ಮಾತೇ ಬಿಟ್ಟಿದ್ದಾರೆ. ಡಿಪ್ರೆಶನ್ ಮಾತ್ರೆ ಕೊಡಬಹುದಾ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ನಾನು ಕೆಲಸಕ್ಕೆ ಅಂತ ಬೆಂಗಳೂರಿನಲ್ಲಿದ್ದೇನೆ. ಅಪ್ಪನಿಗೆ 63 ವರ್ಷ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ನಾಲ್ಕು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿಸಿದೆವು. ಎಕೋ ಚೆನ್ನಾಗಿದೆ, ಓಡಾಡಿಕೊಂಡಿರಲಿ ಎಂದಿದ್ದಾರೆ ಡಾಕ್ಟರು. ಆದರೆ ಅಪ್ಪ ಮಂಚ ಬಿಟ್ಟು ಏಳುವುದಿಲ್ಲ. ಟಿವಿ ಹಾಕಿರುತ್ತಾರೆ, ನೋಡುವುದಿಲ್ಲ. ಊಟ ಅರ್ಧಕ್ಕೇ ಬಿಡುತ್ತಾರೆ. ಬೆಳಗಿನ ಜಾವ ಮೂರಕ್ಕೇ ಎದ್ದು ಕೂತಿರುತ್ತಾರೆ. ಮೊಮ್ಮಗಳು ಫೋನ್ ಮಾಡಿದರೂ ‘ಆಮೇಲೆ ಮಾತಾಡ್ತೀನಿ’ ಅಂತಾರೆ. ಕಳೆದ ವಾರ ‘ನಾನಿದ್ದು ಯಾರಿಗೇನು ಉಪಯೋಗ’ ಅಂದರು. ಬೀರು ಒರೆಸುವಾಗ ಹಾಸಿದ ಪೇಪರಿನ ಕೆಳಗೆ ಅವರು ನುಂಗದೆ ಬಿಟ್ಟ ಮಾತ್ರೆಗಳು ಸಿಕ್ಕವು. ಹೃದ್ರೋಗ ತಜ್ಞರು ಇದು ಡಿಪ್ರೆಶನ್ ಇರಬಹುದು ಎಂದು ಸರ್ಟ್ರಾಲಿನ್ 25 ಮಿ.ಗ್ರಾಂ. ಬರೆದು, ಮನೋವೈದ್ಯರಿಗೂ ತೋರಿಸಿ ಎಂದರು. ಚಿಕ್ಕಪ್ಪ ಬೇಡವೇ ಬೇಡ ಅಂತಿದ್ದಾರೆ. ತಲೆ ಮಾತ್ರೆ ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ, ಹಾರ್ಟಿಗೂ ಹೊಡೆತ ಅಂತಾರೆ. ಅಮ್ಮನಿಗೆ ಹಾರ್ಟಿಗೆ ಕೊಟ್ಟ ಮೆಟೊಪ್ರೊಲಾಲ್ ಮೇಲೆ ಅನುಮಾನ, ಆ ಮಾತ್ರೆಯಿಂದಲೇ ಹೀಗಾಗಿದೆ ಅಂತ. ಸದ್ಯಕ್ಕೆ ನಿದ್ದೆಗೆ ಮೆಡಿಕಲ್ ಶಾಪಿನಿಂದ ಅಲ್ಪ್ರಾಜೋಲಾಮ್ ತಂದುಕೊಡುತ್ತಿದ್ದಾರೆ. ಡಿಪ್ರೆಶನ್‌ನಿಂದ ಮತ್ತೆ ಅಟ್ಯಾಕ್ ಬರಬಹುದು ಎಂದು ಓದಿದೆ, ನಿಜವಾ? ಮಾತ್ರೆ ಕೊಟ್ಟರೆ ಅದು ತಪ್ಪುತ್ತದಾ? ಅಪ್ಪನನ್ನು ಬೆಂಗಳೂರಿಗೇ ಕರೆದುಕೊಂಡು ಬಂದುಬಿಡಲಾ?

ಉತ್ತರ: ಮಾತ್ರೆ ಹೃದಯಕ್ಕೆ ಕೆಡುಕಾ, ಚಟ ಆಗುತ್ತದಾ, ಖಿನ್ನತೆಯಿಂದ ಮತ್ತೊಂದು ಅಟ್ಯಾಕ್ ಬರುತ್ತದಾ, ಬರುವುದಾದರೆ ಈ ಮಾತ್ರೆ ತಡೆಯುತ್ತದಾ. ಎಲ್ಲಕ್ಕೂ ಬರುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನೀವು ಪ್ರಶ್ನೆಯಾಗಿ ಕೇಳದ ಎರಡು ವಿಷಯಗಳಿವೆ. ಅವು ಇವತ್ತೇ ನೋಡಬೇಕಾದವು.

ಒಂದು, ಪೇಪರಿನ ಕೆಳಗೆ ಸಿಕ್ಕ ಮಾತ್ರೆಗಳು. ಅವು ಯಾವುವು ಎಂದು ಚೀಟಿ ಇಟ್ಟುಕೊಂಡು ನೋಡಿ. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ಕೊಟ್ಟಿರುತ್ತಾರೆ. ಈ ಜೋಡಿ ಸಾಮಾನ್ಯವಾಗಿ ಒಂದು ವರ್ಷ ನಡೆಯಬೇಕು. ಮಧ್ಯದಲ್ಲೇ ನಿಂತರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಹಾಗಾದರೆ ಅದು ಮತ್ತೊಂದು ಅಟ್ಯಾಕ್, ಅದೂ ದೊಡ್ಡದು. ಚಿಕ್ಕಪ್ಪ ಹೆದರುತ್ತಿರುವ ಮಾತ್ರೆಗಿಂತ ಅಪ್ಪ ನುಂಗದೆ ಬಿಟ್ಟ ಮಾತ್ರೆಯಿಂದಲೇ ಅವರ ಹೃದಯಕ್ಕೆ ಅಪಾಯ ಜಾಸ್ತಿ. ಹೃದ್ರೋಗ ತಜ್ಞರಿಗೆ ಫೋನ್ ಮಾಡಿ, ಯಾವ ಮಾತ್ರೆ, ಸುಮಾರು ಎಷ್ಟು ದಿನದ್ದು ತಪ್ಪಿದೆ ಎಂದು ಹೇಳಿ. ತಪ್ಪಿದ್ದನ್ನೆಲ್ಲ ಒಟ್ಟಿಗೆ ಕೊಡಬೇಡಿ. ಹೇಗೆ ಮತ್ತೆ ಶುರು ಮಾಡಬೇಕೆಂದು ಅವರೇ ಹೇಳುತ್ತಾರೆ. ಅಪ್ಪನನ್ನು ಬೈಯಬೇಡಿ. ಹಟಕ್ಕೆ ಯಾರೂ ಹೀಗೆ ಬಚ್ಚಿಡುವುದಿಲ್ಲ. ಬದುಕಿ ಏನಾಗಬೇಕಿದೆ ಅನ್ನಿಸುವವರಿಗೆ ದಿನಾ ಅಷ್ಟೊಂದು ಮಾತ್ರೆ ನುಂಗುವ ಮನಸ್ಸು ಎಲ್ಲಿಂದ ಬರಬೇಕು?

ಇನ್ನೊಂದು, ‘ನಾನಿದ್ದು ಯಾರಿಗೇನು ಉಪಯೋಗ’ ಎಂದ ಮಾತು. ಬೇಜಾರಿನಲ್ಲಿ ಆಡಿದ ಮಾತು ಎಂದು ಬಿಟ್ಟುಬಿಡಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ಅಪ್ಪ, ಸತ್ತುಹೋಗಬೇಕು ಅಂತ ಅನ್ನಿಸತ್ತಾ? ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚನೆ ಬಂದಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಹಗುರಾಗುವವರೇ ಜಾಸ್ತಿ. ‘ಹೌದು’ ಎಂದರೆ, ಅಥವಾ ಉತ್ತರ ಕೊಡದೆ ಮುಖ ತಿರುಗಿಸಿದರೆ, ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಒಬ್ಬರೇ ಇರದ ಹಾಗೆ ನೋಡಿಕೊಳ್ಳಿ. ಏನು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಉತ್ತರ ಏನೇ ಬರಲಿ, ಮನೆಯಲ್ಲಿರುವ ಎಲ್ಲ ಮಾತ್ರೆ ಇನ್ನು ಅಮ್ಮನ ಕೈಯಲ್ಲಿರಲಿ. ಹೊತ್ತು ಹೊತ್ತಿಗೆ ಅವರೇ ಕೊಟ್ಟು, ಎದುರಿಗೇ ನುಂಗಿಸಲಿ.

ಈಗ ಡಿಪ್ರೆಶನ್ ವಿಷಯ. ಅಟ್ಯಾಕ್ ಆದವರು ಮೊದಲ ಕೆಲವು ವಾರ ಮಂಕಾಗಿರುವುದು ಸಹಜ. ಸಾವು ಬಾಗಿಲಿಗೆ ಬಂದು ಹೋಗಿದೆ, ಹೆದರಿಕೆ ಇರದೆ ಇರುತ್ತದಾ? ಬಹಳ ಜನರಲ್ಲಿ ಅದು ದಿನ ಕಳೆದ ಹಾಗೆ ತಾನಾಗಿ ಕಡಿಮೆಯಾಗುತ್ತದೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಹಾಗೆ ಆಗುವುದಿಲ್ಲ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ಸೇರದಿರುವುದು, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ನಾನು ಬೇಡದವನು ಅನ್ನಿಸುವುದು. ಇವು ಎರಡು ವಾರಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವಿಡೀ ಇದ್ದರೆ ನಾವು ಮನೋವೈದ್ಯರು ಅದನ್ನು ಕಾಯಿಲೆ ಎಂದೇ ನೋಡುತ್ತೇವೆ. ನಿಮ್ಮ ಅಪ್ಪನದು ನಾಲ್ಕು ತಿಂಗಳು. ನೋಡದೆ ಹೀಗೇ ಎಂದು ಹೇಳಲಾರೆ. ಆದರೆ ಅವರ ಹೃದ್ರೋಗ ತಜ್ಞರಿಗೆ ಬಂದ ಅನುಮಾನ ನನಗೂ ಬರುತ್ತದೆ. ಎದೆ ಬಿಟ್ಟು ಮನಸ್ಸಿನ ಕಡೆಗೂ ನೋಡಿದ್ದಾರಲ್ಲ, ಅದು ಒಳ್ಳೆಯ ಡಾಕ್ಟರ ಲಕ್ಷಣ.

ಹೃದ್ರೋಗ ವಿಭಾಗದಿಂದ ನನ್ನ ಒಪಿಡಿಗೆ ಬರುವ ಈ ವಯಸ್ಸಿನ ಗಂಡಸರಲ್ಲಿ ‘ನನಗೆ ಬೇಸರ’ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ‘ಸುಸ್ತು ಸಾರ್.’ ‘ಬಾಯಿಗೆ ರುಚಿ ಇಲ್ಲ.’ ‘ಎದೆ ಒಂಥರಾ ಆಗತ್ತೆ, ಇಸಿಜಿ ಮಾಡಿದ್ರೆ ಏನೂ ಇಲ್ಲ ಅಂತಾರೆ.’ ಕೆಲವರ ಅಂಗಿ ಜೇಬಿನಲ್ಲಿ ಕೋವಿಡ್ ಕಾಲದಲ್ಲಿ ತಂದ ಪಲ್ಸ್ ಆಕ್ಸಿಮೀಟರ್ ಇರುತ್ತದೆ. ಮಾತಿನ ಮಧ್ಯೆ ಅದನ್ನು ತೆಗೆದು ಬೆರಳಿಗೆ ಸಿಕ್ಕಿಸಿಕೊಳ್ಳುತ್ತಾರೆ. ಆಮ್ಲಜನಕ 97, ನಾಡಿ 72. ಸರಿ ಇದೆ ಎಂದು ಜೇಬಿಗೆ ಹಾಕುತ್ತಾರೆ. ಎರಡು ನಿಮಿಷಕ್ಕೆ ಮತ್ತೆ ತೆಗೆಯುತ್ತಾರೆ. ಪಕ್ಕದಲ್ಲಿ ಕೂತ ಹೆಂಡತಿ ಕಣ್ಣಲ್ಲೇ ನನಗೆ ತೋರಿಸುತ್ತಾರೆ, ದಿನಾ ಇದೇ ಅಂತ. ಅಂಥವರು ಮೆಟ್ಟಿಲು ಹತ್ತುವುದಿಲ್ಲ, ಬಚ್ಚಲಿಗೆ ಚಿಲಕ ಹಾಕುವುದಿಲ್ಲ. ಹೃದಯ ತಡೆದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರೂ ಇವರಿಗೆ ನಂಬಿಕೆ ಬಂದಿರುವುದಿಲ್ಲ. ನಿಮ್ಮ ಅಪ್ಪ ಮಂಚ ಬಿಡದಿರುವುದರಲ್ಲಿ ಬೇಸರ ಎಷ್ಟು, ಈ ಹೆದರಿಕೆ ಎಷ್ಟು ಎಂದು ಮನೋವೈದ್ಯರು ಕೇಳಿ ತಿಳಿದುಕೊಳ್ಳಬೇಕು. ಹಾಗೆಯೇ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಒಮ್ಮೆ ನೋಡಿಸಿ. ಇವು ಕಡಿಮೆಯಾಗಿದ್ದರೂ, ಸಕ್ಕರೆ ಏರಿದ್ದರೂ ಮನುಷ್ಯ ಹೀಗೇ ಸೊರಗುತ್ತಾನೆ.

ಖಿನ್ನತೆಗೂ ಹೃದಯಕ್ಕೂ ಏನು ಸಂಬಂಧ ಅಂತೀರಾ? 1993ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರಾಷರ್-ಸ್ಮಿತ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಅಟ್ಯಾಕ್ ಆಗಿ ಆಸ್ಪತ್ರೆಯಲ್ಲಿದ್ದ 222 ಜನರನ್ನು ಮಾತಾಡಿಸಿ, ಯಾರಿಗೆ ಖಿನ್ನತೆ ಇದೆ ಎಂದು ಗುರುತು ಮಾಡಿಕೊಂಡು ಆರು ತಿಂಗಳು ಹಿಂಬಾಲಿಸಿದ್ದರು. ಹೃದಯದ ಸ್ಥಿತಿಯ ವ್ಯತ್ಯಾಸ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಖಿನ್ನತೆ ಇದ್ದವರಲ್ಲಿ ಸಾವಿನ ಅಪಾಯ ಸುಮಾರು ನಾಲ್ಕು ಪಟ್ಟು ಇತ್ತು. ಚಿಕ್ಕ ಅಧ್ಯಯನ, ಹಾಗಾಗಿ ಸಂಖ್ಯೆ ದೊಡ್ಡದಾಗಿ ಕಂಡಿತು. ಆಮೇಲೆ ಸಾವಿರಾರು ಜನರ ಲೆಕ್ಕ ಒಟ್ಟು ಹಾಕಿದಾಗ ಅದು ಎರಡು ಪಟ್ಟಿನ ಆಸುಪಾಸಿಗೆ ಇಳಿಯಿತು. ಇಳಿದರೂ ಕಡಿಮೆಯೇನಲ್ಲ. 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ತಜ್ಞರ ಸಮಿತಿ, ಅಟ್ಯಾಕ್ ಆದವರ ಮುಂದಿನ ದಿನಗಳನ್ನು ಕೆಡಿಸುವ ಕಾರಣಗಳ ಪಟ್ಟಿಗೆ ಖಿನ್ನತೆಯನ್ನೂ ಸೇರಿಸಬೇಕು ಎಂದಿತು.

ಹಾಗಾದರೆ ದುಃಖ ಹೃದಯವನ್ನು ಹೇಗೆ ತಲುಪುತ್ತದೆ? ದಾರಿ ಹಲವು. ಖಿನ್ನತೆಯಲ್ಲಿ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುಪೇರಾಗುತ್ತದೆ. ಮೈಯೊಳಗಿನ ಉರಿಯೂತದ ಗುರುತುಗಳು ಏರುತ್ತವೆ. ಎದೆಬಡಿತ ಹೊತ್ತಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುವ ಗುಣ ತಗ್ಗುತ್ತದೆ. ಲೇಖನಗಳಲ್ಲಿ ಇವುಗಳದ್ದೇ ಮಾತು ಜಾಸ್ತಿ. ಸುಳ್ಳೇನಲ್ಲ. ಆದರೆ ನನ್ನನ್ನು ಕೇಳಿದರೆ, ಮನೆಯವರು ತಿಳಿಯಬೇಕಾದ ದಾರಿ ಬೇರೆಯೇ ಇದೆ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ‘ಹಾರ್ಟ್ ಅಂಡ್ ಸೋಲ್’ ಎಂಬ ಅಧ್ಯಯನ ನಡೆಯಿತು. ಹೃದಯದ ರಕ್ತನಾಳದ ಕಾಯಿಲೆ ಇದ್ದ 1,017 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 2008ರಲ್ಲಿ ಫಲಿತಾಂಶ ಕೊಟ್ಟರು. ಖಿನ್ನತೆ ಇದ್ದವರಿಗೆ ಅಟ್ಯಾಕ್, ಸ್ಟ್ರೋಕ್, ಸಾವು ಎಲ್ಲ ಹೆಚ್ಚು, ಮೊದಲಿನವರು ಹೇಳಿದ ಹಾಗೇ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಯಾರು ನಡೆದಾಡುತ್ತಾರೆ, ಯಾರು ಸಿಗರೇಟು ಸೇದುತ್ತಾರೆ, ಯಾರು ಮಾತ್ರೆ ತಪ್ಪಿಸುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದರು. ಆಗ ಖಿನ್ನತೆಗೂ ಹೃದಯದ ತೊಂದರೆಗೂ ಇದ್ದ ನಂಟು ಬಹುಪಾಲು ಕರಗಿಹೋಯಿತು. ಅದರಲ್ಲೂ ದೊಡ್ಡ ಪಾಲು ನಡೆದಾಟ ನಿಂತದ್ದರದ್ದು. ಅಂದರೆ ಖಿನ್ನತೆ ಹೃದಯವನ್ನು ಕೆಡಿಸುವುದರಲ್ಲಿ ಹೆಚ್ಚಿನ ಕೆಲಸ ಮಂಚದ ಮೇಲೆ, ಮಾತ್ರೆ ಡಬ್ಬಿಯಲ್ಲಿ ನಡೆಯುತ್ತದೆ. ನಿಮ್ಮ ಪತ್ರದಲ್ಲಿ ಇರುವುದೂ ಅವೆರಡೇ ಅಲ್ವಾ? ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಪ್ಲೇಟ್‌ಲೆಟ್ ಅಂಟಿಕೊಳ್ಳುವುದನ್ನು ನೀವು ತಿದ್ದಲಾರಿರಿ. ಅಪ್ಪ ಎದ್ದು ನಾಲ್ಕು ಹೆಜ್ಜೆ ಹಾಕುವ ಹಾಗೆ ಮಾಡಬಹುದು.

ಅಮ್ಮನ ಅನುಮಾನಕ್ಕೆ ಬರೋಣ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳಿಂದ ಖಿನ್ನತೆ ಬರುತ್ತದೆ ಎಂದು ಹಿಂದೆ ಡಾಕ್ಟರುಗಳೇ ನಂಬಿದ್ದರು, ಅಮ್ಮನದೇನೂ ಹುಚ್ಚು ಅನುಮಾನ ಅಲ್ಲ. 2002ರಲ್ಲಿ 35,000ಕ್ಕೂ ಹೆಚ್ಚು ರೋಗಿಗಳ 15 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಖಿನ್ನತೆ ಹೆಚ್ಚಾದದ್ದು ಕಾಣಲಿಲ್ಲ. ಸುಸ್ತು ಮಾತ್ರ ಸ್ವಲ್ಪ ಹೆಚ್ಚಿತ್ತು. 2021ರಲ್ಲಿ ಇನ್ನೂ ದೊಡ್ಡ ಲೆಕ್ಕ ಬಂತು, ಅಲ್ಲೂ ಅದೇ. ನಿದ್ದೆ ಕೆಡುವುದು, ವಿಚಿತ್ರ ಕನಸು ಬೀಳುವುದು ಕೆಲವರಲ್ಲಿ ಕಂಡಿತು, ಖಿನ್ನತೆ ಅಲ್ಲ. ಹಾಗಾಗಿ ಅಪ್ಪನ ಸುಸ್ತಿನಲ್ಲಿ ಆ ಮಾತ್ರೆಯದ್ದೂ ಒಂದು ಚೂರು ಪಾಲು ಇರಬಹುದು. ಅದನ್ನು ಹೃದ್ರೋಗ ತಜ್ಞರಿಗೆ ಹೇಳಿ, ಡೋಸ್ ನೋಡುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಬೀಟಾ ಬ್ಲಾಕರ್ ದಿಢೀರ್ ನಿಲ್ಲಿಸಿದರೆ ಎದೆಬಡಿತ, ಬಿಪಿ ಒಮ್ಮೆಲೇ ಏರಿ ಎದೆನೋವು ಬರಬಹುದು.

ಇನ್ನು ಚಿಕ್ಕಪ್ಪ. ಅವರ ಮಾತಿಗೂ ಒಂದು ಹಿನ್ನೆಲೆ ಇದೆ. ಹಳೆಯ ಖಿನ್ನತೆ ಮಾತ್ರೆಗಳಾದ ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ನಿಜವಾಗಿಯೂ ಹೃದಯಕ್ಕೆ ತೊಂದರೆ ಕೊಡಬಲ್ಲವು. ಮನೆಗೆ ನೀರಿನ ಪೈಪೂ ಇರುತ್ತದೆ, ಕರೆಂಟಿನ ವೈರಿಂಗೂ ಇರುತ್ತದೆ. ಸ್ಟೆಂಟ್ ಹಾಕಿದ್ದು ಪೈಪಿಗೆ. ಈ ಹಳೆಯ ಮಾತ್ರೆಗಳು ಕೆಣಕುವುದು ವೈರಿಂಗನ್ನು, ಅಂದರೆ ಬಡಿತದ ತಾಳವನ್ನು. ಅಟ್ಯಾಕ್ ಆದವರಿಗೆ ನಾವು ಅವನ್ನು ಮೊದಲ ಆಯ್ಕೆಯಾಗಿ ಕೊಡುವುದಿಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಾಲುಉರಿ, ಅರೆತಲೆನೋವಿಗೂ ಅಮಿಟ್ರಿಪ್ಟಿಲಿನ್ ಕೊಡುವುದುಂಟು. ಅಪ್ಪ ಬೇರೆ ಯಾರ ಹತ್ತಿರವಾದರೂ ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಯನ್ನೂ ತೋರಿಸಿ.

ನಿಮ್ಮ ಡಾಕ್ಟರು ಬರೆದ ಸರ್ಟ್ರಾಲಿನ್ ಆ ಗುಂಪಿನದಲ್ಲ. ಹೃದಯದ ರೋಗಿಗಳಲ್ಲೇ ಚೆನ್ನಾಗಿ ಪರೀಕ್ಷೆಯಾಗಿರುವ ಮಾತ್ರೆ ಅದು. 2002ರಲ್ಲಿ ಪ್ರಕಟವಾದ ‘ಸ್ಯಾಡ್‌ಹಾರ್ಟ್’ ಪ್ರಯೋಗದಲ್ಲಿ, ಆಗಷ್ಟೇ ಅಟ್ಯಾಕ್ ಅಥವಾ ತೀವ್ರ ಎದೆನೋವು ಆಗಿದ್ದ, ಖಿನ್ನತೆಯೂ ಇದ್ದ 369 ಜನರಿಗೆ 24 ವಾರ ಸರ್ಟ್ರಾಲಿನ್ ಅಥವಾ ಔಷಧವಿಲ್ಲದ ಸುಳ್ಳು ಮಾತ್ರೆ ಕೊಟ್ಟರು. ಹೃದಯದ ಪಂಪ್ ಮಾಡುವ ಶಕ್ತಿ ಕಡಿಮೆಯಾಗಲಿಲ್ಲ. ಬಡಿತದ ತಾಳ ಕೆಡಲಿಲ್ಲ. ಹಾಗಾಗಿ ‘ಹಾರ್ಟಿಗೆ ಹೊಡೆತ’ ಎಂಬ ಮಾತು ಈ ಮಾತ್ರೆಗೆ ಹೊಂದುವುದಿಲ್ಲ.

ಆದರೆ ಈ ಮಾತ್ರೆ ಇನ್ನೊಂದು ಅಟ್ಯಾಕ್ ತಪ್ಪಿಸುತ್ತದೆ ಎಂದು ಯಾರಾದರೂ ಹೇಳಿದರೆ, ಅದನ್ನೂ ಪೂರ್ತಿ ನಂಬಬೇಡಿ. ನಮ್ಮ ವೃತ್ತಿಯವರಿಗೆ ಇಲ್ಲಿ ಸ್ವಲ್ಪ ನಿರಾಸೆ ಆಗಿದೆ. ಖಿನ್ನತೆ ಅಪಾಯ ಹೆಚ್ಚಿಸುತ್ತದೆ ಅಂದಮೇಲೆ, ಅದನ್ನು ವಾಸಿ ಮಾಡಿದರೆ ಅಪಾಯ ಇಳಿಯಬೇಕಲ್ವಾ? ಅದನ್ನೇ ನೋಡಲು ಅಮೆರಿಕದಲ್ಲಿ ‘ಎನ್‌ರಿಚ್ಡ್’ ಎಂಬ ದೊಡ್ಡ ಪ್ರಯೋಗ ಮಾಡಿದರು. ಅಟ್ಯಾಕ್ ಆದ 2,481 ಜನ. ಅರ್ಧದಷ್ಟು ಜನರಿಗೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ. ಬೇಕಾದವರಿಗೆ ಮಾತ್ರೆ. ಉಳಿದವರಿಗೆ ಮಾಮೂಲಿ ಚಿಕಿತ್ಸೆ. 2003ರಲ್ಲಿ ಫಲಿತಾಂಶ ಬಂದಾಗ ಥೆರಪಿ ಪಡೆದವರ ಖಿನ್ನತೆ ಸ್ವಲ್ಪ ಜಾಸ್ತಿ ಸುಧಾರಿಸಿತ್ತು. ಮತ್ತೆ ಅಟ್ಯಾಕ್ ಆದದ್ದು, ತೀರಿಕೊಂಡದ್ದು ಎರಡೂ ಗುಂಪಿನಲ್ಲಿ ಒಂದೇ. ಹೃದಯ ಸೋತವರಲ್ಲಂತೂ, ಅಂದರೆ ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ, 2010ರಲ್ಲಿ ಸರ್ಟ್ರಾಲಿನ್, 2016ರಲ್ಲಿ ಅದೇ ಗುಂಪಿನ ಎಸಿಟಾಲೋಪ್ರಾಮ್ ಖಿನ್ನತೆಯ ಮೇಲೂ ಸುಳ್ಳು ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ನಿಮ್ಮ ಅಪ್ಪನ ಎಕೋ ಚೆನ್ನಾಗಿದೆ ಎಂದಿದ್ದೀರಿ, ಆ ಗುಂಪು ಬೇರೆ.

ಇದಕ್ಕೆ ಎದುರಾಗಿ ಒಂದು ಆಶಾದಾಯಕ ಅಧ್ಯಯನವೂ ಇದೆ, ದಕ್ಷಿಣ ಕೊರಿಯಾದ್ದು. ಹೃದಯದ ತೊಂದರೆಯಾಗಿ ಬಂದು ಖಿನ್ನತೆಯೂ ಇದ್ದ 300 ಜನರಿಗೆ 24 ವಾರ ಎಸಿಟಾಲೋಪ್ರಾಮ್ ಅಥವಾ ಸುಳ್ಳು ಮಾತ್ರೆ ಕೊಟ್ಟು, ಎಂಟು ವರ್ಷದ ಆಚೆಗೂ ಹಿಂಬಾಲಿಸಿದರು. 2018ರಲ್ಲಿ ಬಂದ ಲೆಕ್ಕ: ದೊಡ್ಡ ಹೃದಯ ತೊಂದರೆ ಮಾತ್ರೆ ಪಡೆದವರಲ್ಲಿ ಶೇ. 40.9, ಪಡೆಯದವರಲ್ಲಿ ಶೇ. 53.6. ಒಳ್ಳೆಯ ವ್ಯತ್ಯಾಸ. ಆದರೆ ಒಂದೇ ಆಸ್ಪತ್ರೆಯ 300 ಜನ. ಅದನ್ನು ನೆಚ್ಚಿಕೊಂಡು ನಾನು ನಿಮಗೆ ಭರವಸೆ ಕೊಡಲಾರೆ. ಖಿನ್ನತೆಗೆ ಚಿಕಿತ್ಸೆ ಕೊಡುವುದು ಖಿನ್ನತೆ ವಾಸಿಯಾಗಲಿ ಎಂದು. ಅಪ್ಪ ಉಣ್ಣಲಿ, ಮಲಗಲಿ, ಮೊಮ್ಮಗಳ ಜೊತೆ ಮಾತಾಡಲಿ ಎಂದು. ಅಷ್ಟೇ ಸಾಕಾದ ಕಾರಣ. ಹೃದಯಕ್ಕೆ ಲಾಭ ಆದರೆ, ಅದು ಬಹುಪಾಲು ಅವರು ನಡೆದಾಡುವುದರಿಂದ, ಮಾತ್ರೆ ತಪ್ಪಿಸದಿರುವುದರಿಂದ ಬರುತ್ತದೆ.

ಅಪಾಯಗಳನ್ನೂ ಹೇಳಬೇಕು. ಸರ್ಟ್ರಾಲಿನ್ ಗುಂಪಿನ ಮಾತ್ರೆಗಳು ಪ್ಲೇಟ್‌ಲೆಟ್‌ಗಳನ್ನು ಸ್ವಲ್ಪ ಮಂದ ಮಾಡುತ್ತವೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾಡುವುದೂ ಅದನ್ನೇ. ಮೂರೂ ಸೇರಿದರೆ ರಕ್ತಸ್ರಾವದ ಸಾಧ್ಯತೆ ಏರುತ್ತದೆ. ಕೆನಡಾದಲ್ಲಿ ಅಟ್ಯಾಕ್ ಆದವರ ದಾಖಲೆ ನೋಡಿ 2011ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಆ ಎರಡರ ಜೊತೆ ಇದೂ ಸೇರಿದರೆ ಸುಮಾರು ಒಂದೂವರೆ ಪಟ್ಟು. ಅದಕ್ಕೇ ಹೊಟ್ಟೆಯ ರಕ್ಷಣೆಗೆ ಪ್ಯಾಂಟೊಪ್ರಜೋಲ್‌ನಂಥದ್ದು ಇದೆಯಾ ಎಂದು ಚೀಟಿಯಲ್ಲಿ ನೋಡಿ, ಇಲ್ಲದಿದ್ದರೆ ಕೇಳಿ. ಮಂಡಿನೋವು ಎಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವುದು ಬೇಡವೇ ಬೇಡ. ನನ್ನ ಅನುಭವದಲ್ಲಿ ಮನೆಯವರು ಹೇಳಲು ಮರೆಯುವ ಮಾತ್ರೆ ಇದೇ, ಅದನ್ನು ಔಷಧ ಎಂದೇ ಲೆಕ್ಕ ಹಾಕಿರುವುದಿಲ್ಲ. ಮಲ ಕಪ್ಪಗೆ ಅಂಟಂಟಾಗಿ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಅರವತ್ತು ದಾಟಿದವರಲ್ಲಿ ಈ ಮಾತ್ರೆಯಿಂದ ರಕ್ತದ ಸೋಡಿಯಂ ಇಳಿಯಬಹುದು, ಅದರಲ್ಲೂ ಮೂತ್ರ ಹೋಗಲು ಕೊಡುವ ಮಾತ್ರೆಯೂ ಇದ್ದರೆ. ಮಂಪರು, ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಅದನ್ನು ನೆನೆಯಿರಿ. ಶುರು ಮಾಡಿ ಎರಡು ವಾರದ ಹೊತ್ತಿಗೆ ಒಂದು ಸೋಡಿಯಂ ಟೆಸ್ಟ್ ಮಾಡಿಸುವುದು ಒಳ್ಳೆಯದು. ಮೊದಲ ವಾರ ಹೊಟ್ಟೆ ತೊಳೆಸುವುದು, ಚಡಪಡಿಕೆ ಇರಬಹುದು, ಬಹಳ ಜನರಲ್ಲಿ ಅದು ತಾನಾಗಿ ಹೋಗುತ್ತದೆ. ಚಡಪಡಿಕೆ ಜೋರಾದರೆ, ಸಾವಿನ ಮಾತು ಹೆಚ್ಚಾದರೆ ಮಾತ್ರ ಕಾಯಬಾರದು.

ಬೇರೆ ಮಾತ್ರೆ ಯಾಕೆ ಕೊಡಲಿಲ್ಲ ಎಂದು ಯಾರಾದರೂ ಕೇಳಬಹುದು. ಫ್ಲುಆಕ್ಸೆಟಿನ್ ಕೂಡ ಅದೇ ಗುಂಪಿನದ್ದು, ಆದರೆ ಅದು ಕ್ಲೊಪಿಡೊಗ್ರೆಲ್ ಕೆಲಸಕ್ಕೆ ಅಡ್ಡ ಬರಬಹುದು, ಮೆಟೊಪ್ರೊಲಾಲ್ ಮಟ್ಟವನ್ನೂ ಏರಿಸಿ ನಾಡಿ ಬಡಿತ ತೀರಾ ಇಳಿಸಬಹುದು. ಸಿಟಾಲೋಪ್ರಾಮ್ ಡೋಸ್ ಹೆಚ್ಚಾದರೆ ಇಸಿಜಿಯಲ್ಲಿ ಕ್ಯುಟಿ ಎಂಬ ಅಂತರ ಉದ್ದವಾಗಿ ಬಡಿತದ ತಾಳ ಕೆಡಬಹುದು ಎಂದು ಅಮೆರಿಕದ ಎಫ್‌ಡಿಎ 2011ರಲ್ಲಿ ಎಚ್ಚರಿಸಿತು. ಅರವತ್ತು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ. ಮೇಲೆ ಬೇಡ ಎಂಬ ಮಿತಿ ಬಂದದ್ದು ಹಾಗೆ. ನಿದ್ದೆ, ಹಸಿವು ಎರಡೂ ಪೂರ್ತಿ ಹೋದವರಿಗೆ ಮಿರ್ಟಾಜಪಿನ್ ಒಂದು ಆಯ್ಕೆ, ಆದರೆ ಅದು ತೂಕ ಏರಿಸುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಯೋಚಿಸಿ ಕೊಡಬೇಕು. ಇದನ್ನೆಲ್ಲ ತೂಗಿ ನೋಡಿದರೆ ನಿಮ್ಮ ಡಾಕ್ಟರ ಆಯ್ಕೆ, 25 ಮಿ.ಗ್ರಾಂ.ನಿಂದ ಶುರು ಮಾಡಿದ್ದು, ನನಗೆ ಸರಿಯಾಗಿಯೇ ಕಾಣುತ್ತದೆ.

ಚಟದ ಮಾತು. ಸರ್ಟ್ರಾಲಿನ್ ಚಟ ಹಿಡಿಸುವುದಿಲ್ಲ. ಇನ್ನೂ ಬೇಕು, ಜಾಸ್ತಿ ಬೇಕು ಅನ್ನಿಸುವುದಿಲ್ಲ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡು ಒಂದೇ ಸಲ ಬಿಟ್ಟರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಆಗುತ್ತದೆ. ‘ಬಿಡೋಕಾಗಲ್ಲ’ ಎಂಬ ಮಾತು ಹುಟ್ಟಿದ್ದು ಬಹುಶಃ ಅಲ್ಲಿಂದಲೇ. ನಿಧಾನಕ್ಕೆ ಇಳಿಸುತ್ತಾ ಬಂದರೆ ಬಿಡಬಹುದು. ತಮಾಷೆ ಏನೆಂದರೆ, ಚಟ ಹಿಡಿಸಬಲ್ಲ ಮಾತ್ರೆ ಈಗಾಗಲೇ ನಿಮ್ಮ ಮನೆಯಲ್ಲಿದೆ, ಅದರ ಬಗ್ಗೆ ಚಿಕ್ಕಪ್ಪ ಚಕಾರ ಎತ್ತಿಲ್ಲ. ಅಲ್ಪ್ರಾಜೋಲಾಮ್. ಅದನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವುದೇ ಕಾನೂನಿಗೆ ವಿರುದ್ಧ. ಖಿನ್ನತೆಯನ್ನು ಅದು ವಾಸಿ ಮಾಡುವುದಿಲ್ಲ. ರಾತ್ರಿ ಎದ್ದಾಗ ಓಲಾಡಿಸುತ್ತದೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಬಿದ್ದು ತಲೆಗೆ ಪೆಟ್ಟಾದರೆ ಏನಾಗಬಹುದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಎಷ್ಟು ದಿನದಿಂದ, ಎಷ್ಟು ಕೊಡುತ್ತಿದ್ದೀರಿ ಎಂದು ಮನೋವೈದ್ಯರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ವಾರಗಟ್ಟಲೆ ಆಗಿದ್ದರೆ ಇದನ್ನೂ ಒಂದೇ ಸಲ ನಿಲ್ಲಿಸುವ ಹಾಗಿಲ್ಲ.

ಸರ್ಟ್ರಾಲಿನ್ ಶುರು ಮಾಡಿದ ಮರುದಿನ ಅಪ್ಪ ಎದ್ದು ಮಂಡಿಗೆ ಹೊರಡುವುದಿಲ್ಲ. ಎರಡು ಮೂರು ವಾರಕ್ಕೆ ನಿದ್ದೆ, ಊಟ ಸ್ವಲ್ಪ ಸುಧಾರಿಸಬಹುದು. ಮನಸ್ಸು ಹಗುರಾಗಲು ಇನ್ನೂ ಹೊತ್ತು ಬೇಕು. ಬದಲಾವಣೆ ಮೊದಲು ಕಾಣುವುದು ಅಮ್ಮನಿಗೆ, ಅಪ್ಪ ಆಗಲೂ ‘ಏನೂ ಆಗಿಲ್ಲ’ ಅಂತಲೇ ಇರುತ್ತಾರೆ. ಆರೆಂಟು ವಾರಕ್ಕೂ ಏನೂ ಕಾಣದಿದ್ದರೆ ಡೋಸ್ ಅಥವಾ ಮಾತ್ರೆ ಬದಲಿಸುತ್ತೇವೆ. ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸುವುದು ವಾಡಿಕೆ. ಚೆನ್ನಾಗಿದ್ದೀನಲ್ಲ ಎಂದು ಎರಡನೇ ತಿಂಗಳಿಗೇ ಬಿಟ್ಟು, ಮತ್ತೆ ಮೊದಲಿನ ಹಾಗೇ ಆಗಿ ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ.

ಮಾತ್ರೆ ಬಿಟ್ಟು ಬೇರೆ ದಾರಿ ಇಲ್ಲವೇ? ಇದೆ, ಮಾತಿನ ಚಿಕಿತ್ಸೆ. ಹಗುರ ಖಿನ್ನತೆಯಾದರೆ ಅದೊಂದೇ ಸಾಕಾಗಬಹುದು. ನಿಮ್ಮ ಅಪ್ಪನ ಸ್ಥಿತಿಯಲ್ಲಿ, ಅದೂ ಆ ಮಾತು ಆಡಿದ ಮೇಲೆ, ಎರಡೂ ಜೊತೆಗಿರಲಿ ಎನ್ನುತ್ತೇನೆ. ನೆರೆಯ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ ಒಂದು ಪ್ರಯೋಗ ಮಾಡಿ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿತು. ಡಾಕ್ಟರೂ ಅಲ್ಲದ, ಮನಶ್ಶಾಸ್ತ್ರ ಓದಿಯೂ ಇಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ ಆರೆಂಟು ಸಲ ಕೂತು ಮಾತಾಡಿಸಿದರು. ಮುಖ್ಯ ಕೆಲಸ ಒಂದೇ: ಮನಸ್ಸು ಬರಲಿ, ಆಮೇಲೆ ಮಾಡೋಣ ಎಂದು ಕಾಯದೆ, ಸಣ್ಣದೊಂದು ಕೆಲಸ ಗೊತ್ತು ಮಾಡಿಕೊಂಡು ಮಾಡುವುದು. ಅದು ಕೆಲಸ ಮಾಡಿತು.

ನಿಮ್ಮ ಅಪ್ಪನಿಗೆ ಅದು ಹೇಗಿರಬಹುದು? ‘ಎದ್ದು ವಾಕಿಂಗ್ ಹೋಗಿ’ ಎಂದು ದಿನಾ ಹೇಳುವುದರಿಂದ ಏನೂ ಆಗುವುದಿಲ್ಲ. ‘ಧೈರ್ಯವಾಗಿರಿ’ ಎನ್ನುವುದಂತೂ ಸುಮ್ನೆ. ಬೆಳಿಗ್ಗೆ ಪೇಪರ್ ಬಂದ ಮೇಲೆ ಜಗುಲಿಗೆ ಬಂದು ಕೂತು, ಇವತ್ತು ಅಡಿಕೆ ಧಾರಣೆ ರಾಶಿ ಎಷ್ಟು, ಚಾಲಿ ಎಷ್ಟು ಎಂದು ಅಮ್ಮನಿಗೆ ಓದಿ ಹೇಳುವುದು. ಅಷ್ಟೇ. ಮೊದಲ ವಾರ ಅಷ್ಟೇ ಸಾಕು. ಆಮೇಲೆ ಗೇಟಿನವರೆಗೆ. ಆಮೇಲೆ ಯಾರಾದರೂ ಜೊತೆಗಿದ್ದು ಬಸ್‌ಸ್ಟ್ಯಾಂಡಿನವರೆಗೆ. ಎಷ್ಟು ನಡೆಯಬಹುದು ಎಂದು ಹೃದ್ರೋಗ ತಜ್ಞರಿಂದ ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ. ಲೆಕ್ಕ ಬರೆದು ಅಭ್ಯಾಸ ಇರುವ ಮನುಷ್ಯ, ಡಾಕ್ಟರ ಕೈಬರಹದಲ್ಲಿ ‘ದಿನಕ್ಕೆ ಇಷ್ಟು ನಿಮಿಷ’ ಎಂದು ಕಂಡರೆ ನಂಬುತ್ತಾರೆ. ನಡೆಯುವುದು ಬರೀ ಹೃದಯಕ್ಕಲ್ಲ. 2012ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಹೃದಯದ ಕಾಯಿಲೆ, ಖಿನ್ನತೆ ಎರಡೂ ಇದ್ದವರಿಗೆ ವ್ಯಾಯಾಮ ಮಾಡಿಸಿದಾಗ, ಖಿನ್ನತೆ ಸರ್ಟ್ರಾಲಿನ್ ಪಡೆದವರಷ್ಟೇ ಇಳಿಯಿತು.

ಯೋಗ ಸಾಕಲ್ಲವೇ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಭಾರತದ 24 ಆಸ್ಪತ್ರೆಗಳಲ್ಲಿ ಅಟ್ಯಾಕ್ ಆದ 3,959 ಜನರ ಮೇಲೆ ‘ಯೋಗ-ಕೇರ್’ ಪ್ರಯೋಗ ನಡೆದಿದೆ, 2020ರಲ್ಲಿ ಪ್ರಕಟವಾಯಿತು. ಯೋಗ ಕಲಿತವರು ತಮ್ಮ ಆರೋಗ್ಯ ಮೇಲು ಎಂದರು, ಮೊದಲಿನ ಕೆಲಸಗಳಿಗೆ ಚೆನ್ನಾಗಿ ಮರಳಿದರು. ಮತ್ತೆ ಅಟ್ಯಾಕ್ ಆಗುವುದು ಕಡಿಮೆಯಾಯಿತು ಎಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಮಾಡಲಿ, ಒಳ್ಳೆಯದೇ. ಅದರ ಹೆಸರಿನಲ್ಲಿ ಮಾತ್ರೆ ನಿಲ್ಲಿಸಬಾರದು.

ಎಲ್ಲಿ ತೋರಿಸುವುದು ಎಂದರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಅಷ್ಟು ದೂರ ಬೇಡ ಅನ್ನಿಸಿದರೆ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ, ನಿಮ್ಮಲ್ಲಿ ಯಾವ ವಾರ ಎಂದು ಫೋನ್ ಮಾಡಿ ಕೇಳಿಕೊಂಡು ಹೋಗಿ. ಮನೋವೈದ್ಯರ ಹತ್ತಿರ ಅಂದರೆ ಅಪ್ಪ ಬರಲು ಒಪ್ಪದೆ ಇರಬಹುದು. ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ, ಬಾಗಿಲ ಮೇಲಿನ ಬೋರ್ಡು ಓದಿದ ಮೇಲೆ ಅವರು ಬಾಯೇ ಬಿಡುವುದಿಲ್ಲ. ‘ಹಾರ್ಟ್ ಡಾಕ್ಟರೇ ಕಳಿಸಿದ್ದಾರೆ, ನಿದ್ದೆ ಊಟ ಸರಿಯಾಗದೆ ಹಾರ್ಟ್ ಸುಧಾರಿಸಲ್ಲ ಅಂದಿದ್ದಾರೆ’ ಎನ್ನಿ. ಹೋಗುವಾಗ ಎಲ್ಲ ಚೀಟಿ, ಎಕೋ, ಇಸಿಜಿ ಜೊತೆಗೆ ಮನೆಯಲ್ಲಿರುವ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬೀರುವಿನಲ್ಲಿ ಸಿಕ್ಕವೂ ಸೇರಿ.

ಬೆಂಗಳೂರಿಗೆ ಕರೆದುಕೊಂಡು ಬರುವುದು: ಹತ್ತು ಹದಿನೈದು ದಿನಕ್ಕೆ ಬರಲಿ, ಮೊಮ್ಮಗಳ ಜೊತೆ ಇರಲಿ. ಮನೆ ಖಾಲಿ ಮಾಡಿಸಿ ತಂದು ಇರಿಸಿಕೊಳ್ಳುವ ತೀರ್ಮಾನ ಈಗ ಬೇಡ. ನೀವು ಕೆಲಸಕ್ಕೆ ಹೋದರೆ ಹಗಲೆಲ್ಲ ಅಪಾರ್ಟ್‌ಮೆಂಟಿನಲ್ಲಿ ಅವರಿಬ್ಬರೇ. ಊರಲ್ಲಾದರೆ ಮಂಡಿಯವರು ಇದ್ದಾರೆ, ದಾರಿಯಲ್ಲಿ ಹೋಗುವವರು ‘ಹುಷಾರಾ’ ಅಂತಾರೆ. ಬಂದಾಗ ಪೂರ್ತಿ ದಿನಗಳಿಗಾಗುವಷ್ಟು ಮಾತ್ರೆ ಜೊತೆಗೆ ತರಲಿ, ಸೋಡಿಯಂ ಟೆಸ್ಟ್ ಆ ದಿನಗಳಲ್ಲೇ ಬಂದರೆ ಇಲ್ಲೇ ಮಾಡಿಸಿ ರಿಪೋರ್ಟನ್ನು ಅಲ್ಲಿನ ಡಾಕ್ಟರಿಗೆ ವಾಟ್ಸಾಪ್ ಮಾಡಿ.